ಬೇಸಾಯದ ಸಲಕರಣೆಗಳಿಗೆ ಮನೆಯಲ್ಲೊಂದು ನೆಲೆ

(ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟ, ರೋಗ ಇವುಗಳ ಬಗ್ಗೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಆದರೆ ಆ ಬೀಜವನ್ನು ನೆಲಕ್ಕೆ ಸೇರಿಸುವ ಕೂರಿಗೆ, ಕಳೆ ತೆಗೆಯುವ ಎಡೆಕುಂಟೆ, ತೆನೆ ಕೊಯ್ಯುವ ಕುಡುಗೋಲು ಇವು ವರ್ಷವಿಡೀ ಮನೆಯಲ್ಲಿ ಎಲ್ಲಿರುತ್ತವೆ, ಹೇಗಿರುತ್ತವೆ ಎಂದು ಯಾರೂ ಕೇಳುವುದಿಲ್ಲ. ಇಂದು ಆ ವಿಷಯವನ್ನೇ ತಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಈ ಊರಿನಲ್ಲಿ ಕಲ್ಲೇಶ್ವರ ಗುಡಿ ಇದೆ. ಸುಮಾರು ಸಾವಿರ ವರ್ಷದ ಕೆಳಗೆ ಅದನ್ನು ಕಟ್ಟಿದವರು ಉಳಿ, ಸುತ್ತಿಗೆಗಳಿಂದಲೇ ಆ ಕಂಬ, ಬಾಗಿಲವಾಡಗಳನ್ನು ಕಡೆದರು. ಕಲ್ಲು ಕೆಲಸದವರ ಪದ್ಧತಿ ತಮಗೆ ಗೊತ್ತು. ಉಳಿ ಮೊಂಡಾದರೆ ಕೆಲಸ ನಿಂತಂತೆಯೇ. ಆದ್ದರಿಂದ ಅವರು ಕೆಲಸದ ಪಕ್ಕದಲ್ಲೇ ಸಣ್ಣ ಕುಲುಮೆ ಇಟ್ಟುಕೊಂಡು ಉಳಿಯ ಮೊನೆಯನ್ನು ಆಗಾಗ ತಟ್ಟಿ ಹದ ಮಾಡಿಕೊಳ್ಳುತ್ತಾರೆ. ಅವರಿಗೆ ಹತಾರದ ಜೋಪಾನ ಎಂಬುದು ಬೇರೆ ಕೆಲಸವಲ್ಲ, ಕೆಲಸದ ಒಂದು ಭಾಗ. ಬೇಸಾಯಕ್ಕೂ ಈ ಮಾತು ಅನ್ವಯಿಸುತ್ತದೆ.

ಹದ ಕಾಯುವುದಿಲ್ಲ

ನಮ್ಮದು ಮಳೆಯನ್ನೇ ನಂಬಿದ ಸೀಮೆ. ಮಸಾರಿ ಹೊಲದಲ್ಲಿ ಬಿತ್ತುವ ಹದ ಮಳೆ ಬಿದ್ದ ಮೇಲೆ ಎರಡು ಮೂರು ದಿನ ಉಳಿದರೆ ಹೆಚ್ಚು. ಎರೆ ಹೊಲ ತೇವ ಹಿಡಿದುಕೊಳ್ಳುತ್ತದೆ, ಆದರೆ ಮೊದಲ ದಿನ ಅದರಲ್ಲಿ ಕಾಲಿಡಲಾಗುವುದಿಲ್ಲ. ಆ ಎರಡು ದಿನಗಳಲ್ಲಿ ಒಂದು ಬೋಲ್ಟು ಹುಡುಕುವುದಕ್ಕೆ ಅರ್ಧ ದಿನ, ಕುಂಟೆಯ ಕುಡ ತಟ್ಟಿಸಲು ಕುಲುಮೆಯ ಮುಂದೆ ಇನ್ನರ್ಧ ದಿನ ಹೋದರೆ ಉಳಿಯುವುದೇನು? ಹದದ ದಿನ ಕೈಗೆ ಸಿಗದ ಹತಾರ ಮನೆಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಮೂರು ತಾಳಿನ ಕೂರಿಗೆ ಹಿತ್ತಲಿನ ಗೋಡೆಗೆ ಒರಗಿತ್ತು. ಮೃಗಶಿರ ಮಳೆ ಸಂಜೆ ಸುರಿಯಿತು. ಒಂದು ದಿನ ಬಿಟ್ಟು ನಸುಕಿನಲ್ಲೇ ಕೂರಿಗೆ ಹೂಡಿದರು. ಅವ್ವ ಬಟ್ಟಲಿಗೆ ಜೋಳ ಬಿಡುತ್ತಾ ನಡೆದಳು. ಸಂಜೆಯ ಹೊತ್ತಿಗೆ ಎರಡು ಎಕರೆ ಬಿತ್ತನೆ ಮುಗಿಯಿತು. ವಾರ ಕಳೆದು ನೋಡಿದರೆ ಎರಡು ಸಾಲು ಮೊಳಕೆ, ಒಂದು ಸಾಲು ಬರಿದು. ಮತ್ತೆ ಎರಡು ಸಾಲು ಮೊಳಕೆ, ಒಂದು ಸಾಲು ಬರಿದು. ಕೂರಿಗೆ ಇಳಿಸಿ ನೋಡಿದಾಗ ಒಂದು ಬಿದಿರಿನ ಕೊಳವೆಯ ಕೆಳಬಾಯಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಕೊಳವೆ ತುಂಬಿ ನಿಂತು, ಬೀಜವೆಲ್ಲ ಉಳಿದೆರಡು ಕೊಳವೆಗಳಲ್ಲಿ ಇಳಿದಿತ್ತು. ಬರಿದಾದ ಸಾಲಿಗೆ ಮತ್ತೆ ಬೀಜ ಊರಿದೆವು. ಆ ಮೇಲೆ ಮಳೆ ತಡವಾಯಿತು, ಊರಿದ್ದು ಏಳಲಿಲ್ಲ. ಮೂರರಲ್ಲೊಂದು ಪಾಲು ಹೊಲ ಆ ವರ್ಷ ಬೀಳು ಬಿದ್ದಂತಾಯಿತು. ಕೂರಿಗೆಯನ್ನು ತೆಗೆದಿಡುವಾಗ ಕೊಳವೆಗಳ ಬಾಯಿಗೆ ಒಂದೊಂದು ಬಟ್ಟೆಯ ಚೂರು ತುರುಕಿದ್ದರೆ ಸಾಕಿತ್ತು.

ಸಲಕರಣೆ ಕೆಡುವುದು ಹೇಗೆ?

ಹೊಲದಲ್ಲಿ ದುಡಿಯುವಾಗ ಸವೆಯುವುದಕ್ಕಿಂತ ಮನೆಯಲ್ಲಿ ಸುಮ್ಮನಿದ್ದಾಗ ಸಲಕರಣೆ ಹೆಚ್ಚು ಕೆಡುತ್ತದೆ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ. ಉಪ್ಪಿನ ಅಂಶ ಸೇರಿದರೆ ತುಕ್ಕು ಇನ್ನೂ ಬೇಗ. ದನದ ಗಂಜಲ, ಸಗಣಿ, ರಸಗೊಬ್ಬರದ ಪುಡಿ ಎಲ್ಲದರಲ್ಲೂ ಲವಣಗಳಿವೆ. ಆದ್ದರಿಂದ ದನದ ಕೊಟ್ಟಿಗೆ ಹಾಗೂ ಗೊಬ್ಬರದ ಚೀಲ ಇಡುವ ಕೋಣೆ, ಇವೆರಡೂ ಕಬ್ಬಿಣದ ಸಲಕರಣೆಗೆ ತಕ್ಕ ಜಾಗಗಳಲ್ಲ. ಮಾಳಿಗೆ ಮನೆಗಳಿಗೆ ಕರಲು ಮಣ್ಣು ಹಾಕುವ ವಾಡಿಕೆ ಇದೆ. ಅಂಥ ಮಾಳಿಗೆ ಸೋರುವ ಕಡೆ ತೊಟ್ಟಿಕ್ಕುವ ನೀರಿನಲ್ಲೂ ಉಪ್ಪಿರುತ್ತದೆ. ಸೋರುವ ಜಂತಿಯ ಕೆಳಗೆ ಹತಾರ ಇಡಬೇಡಿ.

ಮರಕ್ಕೆ ವೈರಿ ಗೆದ್ದಲು. ನೆಲ ಮುಟ್ಟಿದ ಮರವನ್ನು ಅದು ಬಿಡುವುದಿಲ್ಲ. ಗೋಡೆಗೆ ಒರಗಿಸಿದರೆ ಗೋಡೆಯ ಮೂಲಕವೂ ಬರುತ್ತದೆ. ನೊಗ, ಈಸು, ಕೂರಿಗೆಯ ದಿಂಡು ಇವು ನೆಲದಿಂದ ಒಂದು ಅಡಿ ಮೇಲೆ, ಗೋಡೆಯಿಂದ ನಾಲ್ಕು ಅಂಗುಲ ದೂರ ಇರಬೇಕು. ಹಿರಿಯರು ಕೂರಿಗೆಯನ್ನು ತೊಲೆಗೆ ಹಗ್ಗದಿಂದ ತೂಗುಹಾಕುತ್ತಿದ್ದುದು ಇದಕ್ಕಾಗಿಯೇ. ಅದು ಇಂದಿಗೂ ಒಳ್ಳೆಯ ಪದ್ಧತಿ.

ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ. ಆಗ ಗುದ್ದಲಿ, ಕೊಡಲಿಗಳ ಕಾವು ಸಡಿಲವಾಗುತ್ತದೆ. ನೀರಿನಲ್ಲಿ ನೆನೆಹಾಕಿದರೆ ಬಿಗಿಯಾಗುವುದು ನಿಜ. ಆದರೆ ಒಣಗಿದೊಡನೆ ಮತ್ತೆ ಸಡಿಲ, ಮೇಲಾಗಿ ಮರ ಕೊಳೆಯುತ್ತದೆ. ಇದಕ್ಕೆ ಸರಿಯಾದ ಮದ್ದು ಒಣ ಗಟ್ಟಿಮರದ ಬೆಣೆ. ಕೊಡಲಿಯ ತಲೆ ಹಾರಿ ಪಕ್ಕದವರಿಗೆ ಬಿದ್ದ ಪ್ರಸಂಗಗಳನ್ನು ನೀವೂ ಕೇಳಿರಬಹುದು. ಆದುದರಿಂದ ಈ ಕೆಲಸವನ್ನು ನಾಳೆಗೆ ಇಡಬಾರದು.

ಮೂರು ಪಾಲು ಮಾಡಿ

ಎಲ್ಲವನ್ನೂ ಒಂದೇ ಮೂಲೆಗೆ ಎಸೆದರೆ ಬೇಕಾದದ್ದು ಯಾವಾಗಲೂ ತಳದಲ್ಲಿರುತ್ತದೆ. ಮೊದಲು ಮನೆಯಲ್ಲಿರುವ ಸಲಕರಣೆಗಳನ್ನೆಲ್ಲ ಅಂಗಳಕ್ಕೆ ತಂದು ಹರಡಿ, ಹೀಗೆ ಮೂರು ಪಾಲು ಮಾಡಿ:

1. ದಿನಬಳಕೆಯವು: ಕುಡುಗೋಲು, ಕುರ್ಪಿ, ಸಲಿಕೆ, ಗುದ್ದಲಿ, ಕೊಡಲಿ, ಹಾರೆ, ಹಗ್ಗ, ಬುಟ್ಟಿ.

2. ಹಂಗಾಮಿನವು: ಕೂರಿಗೆ, ಕುಂಟೆ, ಎಡೆಕುಂಟೆ, ರಂಟೆ, ನೊಗ, ಸಿಂಪರಣಾ ಯಂತ್ರ.

3. ರಿಪೇರಿಯವು: ಸುತ್ತಿಗೆ, ಪಾನಾ, ಇಕ್ಕಳ, ಸ್ಕ್ರೂಡ್ರೈವರ್, ಅರ, ಗರಗಸ, ಉಳಿ, ಬೈರಿಗೆ, ಬೋಲ್ಟು, ನಟ್ಟು, ವಾಷರ್, ಮೊಳೆ.

ಇವುಗಳಲ್ಲಿ ಸೇರದ ಮುರಿದ, ಹಳೆಯ ಸಾಮಾನು ರಾಶಿಯಾಗಿ ಉಳಿಯುತ್ತದೆ. ಅದರಲ್ಲಿ ಬೋಲ್ಟು, ಬಳೆ, ಸಲಾಕೆಯಂಥ ಉಪಯುಕ್ತ ಭಾಗಗಳನ್ನು ಬಿಚ್ಚಿಕೊಂಡು ಉಳಿದದ್ದನ್ನು ಗುಜರಿಗೆ ಕೊಡಿ. ಜಾಗ ಉಳಿಯುತ್ತದೆ, ಹಾವು ಚೇಳು ಸೇರುವುದೂ ತಪ್ಪುತ್ತದೆ.

ಗೋಡೆಯ ಹಲಗೆ

ದೊಡ್ಡ ಕೋಣೆಯೇನೂ ಬೇಡ. ಸೋರದ, ಗಾಳಿಯಾಡುವ ಒಂದು ಮೂಲೆ, ಆರು ಅಡಿ ಅಗಲದ ಗೋಡೆ ಸಾಕು. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ. ಆದ್ದರಿಂದ ನೆಲದಿಂದ ತೊಲೆಯವರೆಗೆ ಎರಡು ಗಟ್ಟಿ ಗಳು ನಿಲ್ಲಿಸಿ, ಅವುಗಳ ಬುಡಕ್ಕೆ ಚಪ್ಪಡಿ ಕಲ್ಲು ಇಟ್ಟು, ಅಡ್ಡಲಾಗಿ ಹಲಗೆಗಳನ್ನು ಜಡಿಯಿರಿ. ಹಲಗೆಗೆ ಮರದ ಗೂಟ ಅಥವಾ ಮೂರಂಗುಲದ ಮೊಳೆಗಳನ್ನು ತುಸು ಮೇಲ್ಮುಖವಾಗಿ ಹೊಡೆಯಿರಿ.

ಈಗ ಮುಖ್ಯವಾದ ಮಾತು. ಪ್ರತಿಯೊಂದು ಹತಾರವನ್ನು ಅದರ ಗೂಟಕ್ಕೆ ತಗುಲಿಸಿ, ಸುತ್ತಲೂ ಗೆರೆ ಎಳೆದು, ಆ ಆಕಾರದ ಒಳಗೆ ಸುಣ್ಣವನ್ನೋ ಬಣ್ಣವನ್ನೋ ಬಳಿಯಿರಿ. ಹತಾರ ತೆಗೆದಾಗ ಅದರ ನೆರಳು ಹಲಗೆಯ ಮೇಲೆ ಉಳಿದಂತೆ ಕಾಣುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ನೋಡಿದರೆ ಸಾಕು, ಯಾವುದು ಹೊಲದಲ್ಲೇ ಉಳಿದಿದೆ ಎಂದು ತಿಳಿಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲೂ ಇದೇ ಕ್ರಮ ಇದೆ. ಓದು ಬಾರದ ಆಳಿಗೂ, ಆರು ವರ್ಷದ ಮಗುವಿಗೂ ಅದು ಅರ್ಥವಾಗುತ್ತದೆ.

ಜೋಡಿಸುವಾಗ ಕೆಲವು ಅಂಶಗಳನ್ನು ಗಮನದಲ್ಲಿಡಿ. ಭಾರದ ಹಾರೆ, ಪಿಕಾಸಿಗಳು ಕೆಳಗಿರಲಿ, ಮೇಲಿನಿಂದ ಬೀಳುವ ಭಯವಿಲ್ಲ. ಸಲಿಕೆ, ಗುದ್ದಲಿಗಳನ್ನು ತಲೆ ಮೇಲಾಗಿ ಎರಡು ಗೂಟಗಳ ನಡುವೆ ನೇತುಹಾಕಿ. ಕುಡುಗೋಲು, ಕೊಡಲಿಗಳ ಬಾಯಿ ಗೋಡೆಯ ಕಡೆಗಿರಲಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿರಲಿ. ಆದರೆ ಈ ಎತ್ತರವನ್ನು ಗಂಡಸರ ಕೈಯಳತೆಯಿಂದ ಗೊತ್ತುಮಾಡಬೇಡಿ. ಕುರ್ಪಿ, ಕುಡುಗೋಲು ಹೆಚ್ಚಾಗಿ ಬಳಸುವವರು ಹೆಣ್ಣುಮಕ್ಕಳು. ಅವರ ಕೈಗೆ ಸುಲಭವಾಗಿ ಸಿಗಬೇಕು. ಮನೆಯಲ್ಲಿ ಎಲ್ಲಕ್ಕಿಂತ ಮೊಂಡಾಗಿರುವ ಹತಾರ ಯಾವುದೆಂದು ಹುಡುಕಿದರೆ ಬಹಳ ಕಡೆ ಅದು ಕುರ್ಪಿಯೇ ಆಗಿರುತ್ತದೆ. ದಿನವಿಡೀ ಕುಕ್ಕರುಗಾಲಿನಲ್ಲಿ ಕೂತು ಕಳೆ ತೆಗೆಯುವವರ ಮಣಿಕಟ್ಟಿಗೆ ಆ ಮೊಂಡುತನದ ಲೆಕ್ಕ ಗೊತ್ತು.

ಬೋಲ್ಟು, ನಟ್ಟು, ಪಾನಾ

ಸಣ್ಣ ಸಾಮಾನುಗಳನ್ನು ಒಂದೇ ಡಬ್ಬಿಗೆ ತುಂಬಬೇಡಿ. ಅಳತೆಗೊಂದು ಡಬ್ಬಿ ಇರಲಿ. ಖಾಲಿ ಎಣ್ಣೆ ಡಬ್ಬಿಗಳು, ಪ್ಲಾಸ್ಟಿಕ್ ಭರಣಿಗಳು ಸಾಕು. ಆದರೆ ಔಷಧಿಯ ಡಬ್ಬಿ ಬೇಡ. ಡಬ್ಬಿಯ ಮೇಲೆ ಬೋಲ್ಟಿನ ಅಳತೆಯ ಜೊತೆಗೆ ಅದಕ್ಕೆ ಬೇಕಾದ ಪಾನಾದ ಸಂಖ್ಯೆಯನ್ನೂ ಬರೆಯಿರಿ. ಸಾಮಾನ್ಯವಾಗಿ 6 ಮಿ.ಮೀ. ಬೋಲ್ಟಿಗೆ 10ನೇ ಪಾನಾ, 8 ಮಿ.ಮೀ.ಗೆ 13, 10 ಮಿ.ಮೀ.ಗೆ 17, 12 ಮಿ.ಮೀ.ಗೆ 19. ಸರಿಯಾದ ಪಾನಾ ಇಲ್ಲದೆ ಇಕ್ಕಳದಿಂದ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ. ಆಮೇಲೆ ಯಾವ ಪಾನಾವೂ ಹಿಡಿಯುವುದಿಲ್ಲ.

2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ದೊಡ್ಡ ಯಂತ್ರಗಳು ಬಾಡಿಗೆಗೆ ಸಿಗತೊಡಗಿದವು. ಹೀಗಾಗಿ ಮನೆಯ ಹತಾರಗಳಿಗೆ ಬೆಲೆ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ಬಾಡಿಗೆಯ ಟ್ರ್ಯಾಕ್ಟರು ಹೊಲದಲ್ಲಿ ನಿಂತಾಗ ಒಂದು ಬೋಲ್ಟು ಕಳಚಿ ಬಿದ್ದರೆ ಗಂಟೆಯ ಲೆಕ್ಕ ಓಡುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು. ನಾಲ್ಕು ಪಾನಾ, ಒಂದು ಸುತ್ತಿಗೆ, ಒಂದು ಇಕ್ಕಳ, ಸ್ವಲ್ಪ ಬೈಂಡಿಂಗ್ ತಂತಿ, ಐದಾರು ಬೋಲ್ಟು ಇವುಗಳನ್ನು ಒಂದು ಕೈಚೀಲದಲ್ಲಿ ಹಾಕಿಟ್ಟು ಹೊಲಕ್ಕೆ ಒಯ್ಯಿರಿ.

ಒರೆಸಿ, ಎಣ್ಣೆ ಹಚ್ಚಿ, ಇಡಿ

ಹೊಲದಿಂದ ಬಂದೊಡನೆ ಮಣ್ಣು ಕೆರೆದು ಒಣ ಗೋಣಿತಟ್ಟಿನಿಂದ ಒರೆಸುವುದು ಎರಡು ನಿಮಿಷದ ಕೆಲಸ. ಹಂಗಾಮು ಮುಗಿದ ಮೇಲೆ ಕುಡ, ತಾಳು, ಗುಳಗಳಿಗೆ ಗ್ರೀಸನ್ನೋ ಹಳೆಯ ಇಂಜಿನ್ ಎಣ್ಣೆಯನ್ನೋ ಬಳಿಯಬೇಕು. ಹಳೆಯ ಇಂಜಿನ್ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ. ಕಡ್ಡಿಗೆ ಬಟ್ಟೆ ಸುತ್ತಿ ಹಚ್ಚಿ. ಸೊಪ್ಪು, ಮೇವು ಕೊಯ್ಯುವ ಕುಡುಗೋಲಿಗೆ ಅದು ಬೇಡ, ಹರಳೆಣ್ಣೆ ಹಚ್ಚಿ. ಮರದ ಕಾವಿಗೆ ಅಗಸೆ ಎಣ್ಣೆ ಉತ್ತಮ. ಅದು ಮರದೊಳಗೆ ಇಳಿದು ಒಣಗುತ್ತದೆ, ಹೊಂಗೆ ಎಣ್ಣೆಯಂತೆ ಜಿಗುಟು ಉಳಿಸುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನೇ ಕಾವೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಅರ ಮುಂದಕ್ಕೆ ಹೋಗುವಾಗ ಮಾತ್ರ ತರಿಯುತ್ತದೆ. ಹಿಂದಕ್ಕೆ ಎಳೆಯುವಾಗ ಒತ್ತಬೇಡಿ, ಹಲ್ಲು ಸವೆಯುತ್ತದೆ. ಅರಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಗೂಟಕ್ಕೆ ಹಾಕಿ. ಅರಕ್ಕೆ ಎಣ್ಣೆ ಹಚ್ಚಬಾರದು. ಗರಗಸದ ಹಲ್ಲಿಗೆ ಸೀಳಿದ ಸೈಕಲ್ ಟ್ಯೂಬು ತೊಡಿಸಿ. ಕರೆಂಟಿನ ಸಾಣೆಯಲ್ಲಿ ಹರಿತ ಮಾಡುವಾಗ ಆಗಾಗ ನೀರಿನಲ್ಲಿ ಅದ್ದಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತೆಂದೇ ತಿಳಿಯಿರಿ.

ಸಿಂಪರಣಾ ಯಂತ್ರಕ್ಕೆ ಬೇರೆ ಜಾಗ

ಇದನ್ನು ಹಲಗೆಯ ಹತ್ತಿರ ಇಡಬೇಡಿ. ಔಷಧಿಗಳ ಜೊತೆ ಬೀಗ ಹಾಕುವ ಬೇರೆ ಗೂಡಿನಲ್ಲಿ, ಅಡಿಗೆಮನೆ, ಕಾಳು, ಮೇವುಗಳಿಂದ ದೂರವಿರಲಿ. ಬಳಸಿದ ದಿನವೇ ಮೂರು ಸಲ ನೀರು ಹಾಕಿ ತೊಳೆದು, ಪ್ರತಿ ಸಲವೂ ನಳಿಕೆಯ ಮೂಲಕ ನೀರು ಹಾಯಿಸಿ. ಆ ನೀರು ಬಾವಿ, ಹಳ್ಳ, ದನದ ತೊಟ್ಟಿ ಸೇರಬಾರದು. ತೊಳೆದ ಮೇಲೆ ಬಾಯಿ ಕೆಳಗಾಗಿ ಇಟ್ಟರೆ ನೀರು ಬಸಿಯುತ್ತದೆ. ಕಳೆನಾಶಕಕ್ಕೆ ಬೇರೆಯದೇ ಯಂತ್ರ ಇರುವುದು ಕ್ಷೇಮ. ಜೋಳಕ್ಕೆ 2,4-ಡಿ ಹೊಡೆದ ಯಂತ್ರದಲ್ಲಿ ಉಳಿದ ಸ್ವಲ್ಪ ಅಂಶವೂ ಹತ್ತಿಯ ಎಲೆಗಳನ್ನು ಮುರುಟಿಸುತ್ತದೆ.

ಎರವಲು ಕೊಟ್ಟದ್ದು

ಹಳ್ಳಿಯಲ್ಲಿ ಹಾರೆ, ಕೂರಿಗೆ ಕೇಳಿದವರಿಗೆ ಇಲ್ಲವೆನ್ನಲಾಗುವುದಿಲ್ಲ, ಎನ್ನಲೂಬಾರದು. ಆದರೆ ಯಾರಿಗೆ ಕೊಟ್ಟೆವೆಂದು ಮರೆತರೆ ಹತಾರವೂ ಹೋಗುತ್ತದೆ, ಕೇಳಿದರೆ ಸ್ನೇಹವೂ ಹೋಗುತ್ತದೆ. ಹತಾರ ತೆಗೆದ ಜಾಗದಲ್ಲಿ, ಆ ಸುಣ್ಣದ ಆಕಾರದೊಳಗೆ, ಒಯ್ದವರ ಹೆಸರು ಮತ್ತು ದಿನಾಂಕವನ್ನು ಇದ್ದಿಲಿನಿಂದ ಬರೆಯಿರಿ. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗುವಿಗೆ ವಹಿಸಿ. ಒಯ್ಯುವವರ ಎದುರಿಗೇ ಬರೆದರೆ ಯಾರಿಗೂ ಬೇಸರವಿಲ್ಲ, ಅದು ಮನೆಯ ಪದ್ಧತಿ ಎಂದಾಗುತ್ತದೆ.

ವರ್ಷಕ್ಕೆ ಎರಡು ದಿನ

ಆಯುಧ ಪೂಜೆಯ ದಿನ ನಾವೆಲ್ಲ ಹತಾರಗಳನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ ಪೂಜಿಸುತ್ತೇವೆ. ಆ ದಿನವನ್ನೇ ತಪಾಸಣೆಯ ದಿನವನ್ನಾಗಿ ಮಾಡಿಕೊಳ್ಳಿ. ತೊಳೆದದ್ದನ್ನು ಒದ್ದೆಯಾಗಿಯೇ ಇಡದೆ ಬಿಸಿಲಿಗೆ ಒಣಗಿಸಿ, ಪೂಜೆ ಮುಗಿದ ಮೇಲೆ ಎಣ್ಣೆ ಹಚ್ಚಿ ಅದರ ಗೂಟಕ್ಕೆ ಹಾಕಿ. ಎರಡನೆಯದು ಯುಗಾದಿಯ ಮಾರನೆಯ ವಾರ. ಮುಂಗಾರಿಗೆ ಇನ್ನೂ ಸಮಯವಿರುತ್ತದೆ. ಕುಡ, ತಾಳು ತಟ್ಟಿಸುವುದು, ಕೊಳವೆ ಇಣುಕಿ ನೋಡುವುದು, ಬೆಣೆ ಬಡಿಯುವುದು, ವಾಷರ್ ಬದಲಿಸುವುದು ಎಲ್ಲ ಆಗಲೇ ಮುಗಿಯಲಿ. ಹಿಂದೆ ಕಣದಲ್ಲಿ ಆಯ ಪಡೆಯುತ್ತಿದ್ದ ಕಮ್ಮಾರ, ಬಡಿಗರು ಪ್ರತಿ ಊರಿನಲ್ಲೂ ಇರುತ್ತಿದ್ದರು. ಇಂದು ಎಷ್ಟೋ ಊರುಗಳಲ್ಲಿ ಕುಲುಮೆ ಆರಿದೆ, ಪೇಟೆಯ ವೆಲ್ಡಿಂಗ್ ಅಂಗಡಿಯೇ ಗತಿ. ಮಳೆ ಬಿದ್ದ ಮಾರನೆಯ ದಿನ ಅಲ್ಲಿ ಎಷ್ಟು ಜನ ಸೇರಿರುತ್ತಾರೆಂದು ನಾನು ಹೇಳಬೇಕಾಗಿಲ್ಲ.

ಬಾಂಧವರೇ, ಮಳೆ ನಮ್ಮ ಕೈಯಲ್ಲಿಲ್ಲ, ಮಾರುಕಟ್ಟೆಯ ಧಾರಣೆಯೂ ನಮ್ಮ ಕೈಯಲ್ಲಿಲ್ಲ. ಕೂರಿಗೆಯ ಕೊಳವೆಯ ಬಾಯಿ ಮಾತ್ರ ನಮ್ಮ ಕೈಯಲ್ಲಿದೆ. ಇಂದು ಮನೆಗೆ ಹೋದ ಕೂಡಲೇ ಮೊದಲು ಅದನ್ನು ಇಣುಕಿ ನೋಡಿ ಎಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.