ಮೊಬೈಲ್ ಹೇಳಿದ ಮಾತ್ರೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಇಪ್ಪತ್ತೆರಡು ವರ್ಷಗಳಿಂದ ಮೆಡಿಕಲ್ ಅಂಗಡಿ ನಡೆಸುತ್ತಿರುವವನು. ಹಿಂದೆ ಹುಡುಗರು ಬಂದು, "ಜ್ವರ ಬಂದಿದೆ ಚಾಚಾ, ಏನು ತೆಗೆದುಕೊಳ್ಳಲಿ?" ಎಂದು ಕೇಳುತ್ತಿದ್ದರು. ಈಗ ರೋಗಲಕ್ಷಣಗಳನ್ನು ಮೊಬೈಲಿಗೆ ಹೇಳಿ, ಅದು ತೋರಿಸಿದ ಮಾತ್ರೆಯ ಹೆಸರನ್ನು ನನಗೆ ತೋರಿಸುತ್ತಾರೆ.

ಒಂದು ಮಳೆಗಾಲದಲ್ಲಿ ಹಾಸ್ಟೆಲಿನ ಹುಡುಗನೊಬ್ಬ ಹೀಗೆಯೇ ಬಂದ. ಜ್ವರ, ಮೈಕೈ ನೋವು, ಕಣ್ಣಿನ ಹಿಂಭಾಗದಲ್ಲಿ ನೋವು. ಮರುದಿನ ಪರೀಕ್ಷೆ. ಸಾಧಾರಣ ವೈರಲ್ ಜ್ವರ ಇರಬಹುದೆಂದು ಮೊಬೈಲ್ ಹೇಳಿತ್ತು. ಅವನು ಐಬುಪ್ರೊಫೆನ್ ಕೇಳಿದ. ಅಂಗಡಿಯಲ್ಲಿ ಜನಜಂಗುಳಿ; ಏನೂ ವಿಚಾರಿಸದೆ ಕೊಟ್ಟುಬಿಟ್ಟೆ. ಮೂರು ದಿನಗಳಲ್ಲಿ ಒಸಡಿನಿಂದ ರಕ್ತ ಬಂದು ಆಸ್ಪತ್ರೆ ಸೇರಿದ. ಅದು ಡೆಂಗಿ ಜ್ವರ! ಡೆಂಗಿಯಲ್ಲಿ ಪ್ಲೇಟ್‌ಲೆಟ್‌ಗಳು ಕಡಿಮೆಯಾಗುತ್ತವೆ. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಹುಡುಗ ಗುಣವಾದ. ಆದರೆ ಅವನ ತಾಯಿ ಅಂಗಡಿಗೆ ಬಂದು, "ನೀವಾದರೂ ಒಂದು ಮಾತು ಕೇಳಬಾರದಿತ್ತೇ?" ಎಂದದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

2015ರಲ್ಲಿ ಹಾರ್ವರ್ಡ್‌ನ ಸಂಶೋಧಕರು ರೋಗಲಕ್ಷಣ ಕೇಳಿ ಕಾಯಿಲೆ ಹೇಳುವ ಇಂತಹ 23 ಸಾಧನಗಳನ್ನು ಪರೀಕ್ಷಿಸಿದರು. ಸರಿಯಾದ ಕಾಯಿಲೆಯ ಹೆಸರು ಮೊದಲನೆಯದಾಗಿ ಬಂದದ್ದು ಕೇವಲ ಶೇ. 34ರಷ್ಟು ಬಾರಿ. ಆ ಬಳಿಕ ತಂತ್ರಜ್ಞಾನ ಬಹಳ ಮುಂದುವರಿದಿದೆ, ನಿಜ. ಆದರೂ ಮೊಬೈಲ್ ನಿಮ್ಮ ಹೊಟ್ಟೆ ಒತ್ತಿ ನೋಡುವುದಿಲ್ಲ, ರಕ್ತ ಪರೀಕ್ಷಿಸುವುದಿಲ್ಲ. ನೀವು ಹೇಳಿದಷ್ಟೇ ಅದಕ್ಕೆ ಗೊತ್ತು.

ಇನ್ನೊಂದು ಎಚ್ಚರಿಕೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಎರಡು ಮಾತ್ರೆ ನುಂಗುತ್ತೀರಿ. ಹೆಸರು ಬೇರೆಯಾದರೂ ಎರಡರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ. ಆದ್ದರಿಂದ ಸ್ಟ್ರಿಪ್‌ನ ಹಿಂಬದಿಯನ್ನು ಓದಿ. ಕೆಂಪು ಗೆರೆ ಇರುವ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ಕೇಳಬೇಡಿ.

ಮೊಬೈಲ್ ನೋಡಲೇಬೇಡಿ ಎಂದು ನಾನು ಹೇಳುವುದಿಲ್ಲ. ವೈದ್ಯರಿಗೆ ಏನು ಹೇಳಬೇಕೆಂದು ತಿಳಿಯಲು ನೋಡಿ; ಮಾತ್ರೆ ಆರಿಸಲು ಬೇಡ. ಮಳೆಗಾಲದ ಜ್ವರ ಎರಡು ದಿನ ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರೆ ಜ್ವರ ಇಳಿದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಡೆಂಗಿಯ ಅಪಾಯದ ಘಟ್ಟ ಜ್ವರ ಇಳಿಯುವಾಗಲೇ ಆರಂಭವಾಗುತ್ತದೆ.

ಅಂಗಡಿಗೆ ಬಂದಾಗ ಮಾತ್ರೆಯ ಹೆಸರಿಗಿಂತ ಮೊದಲು ನಿಮ್ಮ ತೊಂದರೆ ಹೇಳಿ. ಎಷ್ಟೇ ಜನರಿದ್ದರೂ ಕೇಳುವ ಕೆಲಸ ನನ್ನದು. ಆ ತಾಯಿಗೆ ನಾನು ಕೊಟ್ಟ ಮಾತು ಅದು.