ಮೊದಲ ಪ್ರಯೋಗವಾಗಿ ಪ್ರೋಗ್ರಾಮರ್

ಎಂಬೆಡೆಡ್ ಸಿಸ್ಟಮ್ಸ್ ಬೋಧನೆಯನ್ನು ಕುರಿತ ಈ ವಿಚಾರ ಸಂಕಿರಣದ ಮುಂದೆ ಒಂದು ಪ್ರಸ್ತಾಪ ಇಡುತ್ತೇನೆ. ನಮ್ಮ ಮೈಕ್ರೊಕಂಟ್ರೋಲರ್ ಲ್ಯಾಬುಗಳಲ್ಲಿ ಎಲ್‌ಇಡಿ ಮಿನುಗಿಸುವ ಪ್ರಯೋಗಕ್ಕೂ ಮುಂಚೆ, ಚಿಪ್ಪಿಗೆ ಪ್ರೋಗ್ರಾಂ ತುಂಬುವ ಪ್ರೋಗ್ರಾಮರನ್ನು ವಿದ್ಯಾರ್ಥಿಗಳು ತಮ್ಮ ಕೈಯಾರೆ ಕಟ್ಟಬೇಕು. ಇದರಿಂದ ಹಣ ಉಳಿಯುತ್ತದೆ, ನಿಜ. ಅದಕ್ಕಿಂತ ದೊಡ್ಡ ಲಾಭವೆಂದರೆ, ಕಂಪ್ಯೂಟರಿನಲ್ಲಿ ಬರೆದ ಸಾಲು ಸಿಲಿಕಾನಿನೊಳಗೆ ಹೋಗಿ ನೆಲೆಸುವ ಆ ದಾರಿ ಕಣ್ಣಿಗೆ ಬೀಳುತ್ತದೆ. ಅಪ್‌ಲೋಡ್ ಗುಂಡಿ ಒತ್ತಿ ಕಲಿತವರಿಗೆ ಆ ದಾರಿ ಕೊನೆಯವರೆಗೂ ಮರೆಯಲ್ಲೇ ಇರುತ್ತದೆ.

ಎಟಿಮೆಗಾ328ಪಿ ಚಿಪ್ಪನ್ನೇ ತೆಗೆದುಕೊಳ್ಳೋಣ. ವಿದ್ಯುತ್ ಮತ್ತು ಗ್ರೌಂಡ್ ಬಿಟ್ಟರೆ ಅದಕ್ಕೆ ಬೇಕಾದದ್ದು ನಾಲ್ಕೇ ತಂತಿ: ಮೋಸಿ, ಮಿಸೊ, ಕ್ಲಾಕ್, ರೀಸೆಟ್. ರೀಸೆಟ್ಟನ್ನು ಗ್ರೌಂಡ್ ಮಟ್ಟದಲ್ಲಿ ಹಿಡಿದು, ಕನಿಷ್ಠ 20 ಮಿಲಿಸೆಕೆಂಡ್ ಕಾದು, ನಾಲ್ಕು ಬೈಟ್‌ಗಳ ಆದೇಶ ಕಳಿಸಬೇಕು. ಅದರ ಎರಡನೆಯ ಬೈಟ್ ಹೆಕ್ಸಾಡೆಸಿಮಲ್ 53. ಮೂರನೆಯ ಬೈಟ್ ಹೋಗುತ್ತಿರುವಾಗ ಚಿಪ್ ಅದೇ 53ನ್ನು ಹಿಂದಿರುಗಿಸಿದರೆ ಎರಡೂ ಕಡೆ ತಾಳ ಕೂಡಿತು ಎಂದರ್ಥ. ಬಾರದಿದ್ದರೆ ತಂತಿ, ವೋಲ್ಟೇಜ್, ಕ್ಲಾಕ್ ಒಂದೊಂದನ್ನೂ ಪರೀಕ್ಷಿಸಬೇಕು. ಕಾರ್ಖಾನೆಯಿಂದ ಬಂದ ಹೊಸ ಚಿಪ್ 1 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತದೆ. ಪ್ರೋಗ್ರಾಮರಿನ ಕ್ಲಾಕ್ ಅದರ ಕಾಲು ಭಾಗಕ್ಕಿಂತ, ಅಂದರೆ 250 ಕಿಲೊಹರ್ಟ್ಸ್‌ಗಿಂತ, ಕೆಳಗಿರಬೇಕು. ಡೇಟಾಶೀಟಿನಲ್ಲಿರುವ ಈ ಒಂದು ಸಾಲನ್ನು ಕಡೆಗಣಿಸಿದರೆ ಚಿಪ್ ಉತ್ತರ ಕೊಡುವುದಿಲ್ಲ. ಟೈಮಿಂಗ್ ಎಂಬ ಪಾಠ ಹೀಗೆ ಮನಸ್ಸಿಗೆ ನಾಟುವಷ್ಟು ಬೋರ್ಡಿನ ಮೇಲೆ ಬರೆದರೆ ನಾಟುವುದಿಲ್ಲ.

ಖರ್ಚಿನ ಮಾತಿಗೆ ಬರೋಣ. ಕಂಪ್ಯೂಟರುಗಳಿಗೆ ಪ್ಯಾರಲಲ್ ಪೋರ್ಟ್ ಇದ್ದ ಕಾಲದಲ್ಲಿ ಒಂದು ಕನೆಕ್ಟರ್, ನಾಲ್ಕಾರು ರೆಸಿಸ್ಟರ್ ಇದ್ದರೆ ಪ್ರೋಗ್ರಾಮರ್ ಸಿದ್ಧವಾಗುತ್ತಿತ್ತು. ಯುಎಸ್‌ಬಿ ಬಂದ ಮೇಲೆ ಥಾಮಸ್ ಫಿಶ್ಲ್ ಅವರ ಯುಎಸ್‌ಬಿಆಸ್ಪ್ ಎಂಬ ಪ್ರೋಗ್ರಾಮರ್ ಆ ಸರಳತೆಯನ್ನು ಉಳಿಸಿಕೊಟ್ಟಿತು. ಒಂದು ಎಟಿಮೆಗಾ8, 12 ಮೆಗಾಹರ್ಟ್ಸ್ ಕ್ರಿಸ್ಟಲ್, ಕೆಲವು ರೆಸಿಸ್ಟರ್, ಕೆಪಾಸಿಟರ್, ಡೇಟಾ ತಂತಿಗಳ ವೋಲ್ಟೇಜ್ ತಗ್ಗಿಸಲು ಎರಡು ಝೆನರ್ ಡಯೋಡ್. ಯುಎಸ್‌ಬಿ ಸಂವಹನವನ್ನು ಸಾಫ್ಟ್‌ವೇರೇ ನಿಭಾಯಿಸುವುದರಿಂದ ಅದಕ್ಕೆಂದು ಬೇರೆ ಚಿಪ್ ಬೇಕಿಲ್ಲ. ಸರ್ಕ್ಯೂಟ್, ಫರ್ಮ್‌ವೇರ್ ಎರಡೂ ಮುಕ್ತ. ಎವಿಆರ್‌ಡ್ಯೂಡ್ ಎಂಬ, ಕಂಪ್ಯೂಟರಿನಿಂದ ಪ್ರೋಗ್ರಾಂ ಕಳಿಸುವ ತಂತ್ರಾಂಶವೂ ಉಚಿತ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಸಿಗದ ಬಿಡಿಭಾಗ ಇದರಲ್ಲಿಲ್ಲ. ಆದರೆ ಆ ಎಟಿಮೆಗಾ8ಕ್ಕೇ ಮೊದಲು ಪ್ರೋಗ್ರಾಂ ತುಂಬುವುದು ಹೇಗೆ? ಲ್ಯಾಬಿನಲ್ಲಿರುವ ಒಂದು ಆರ್ಡುಯಿನೊ ಊನೊಗೆ ಆರ್ಡುಯಿನೊಐಎಸ್‌ಪಿ ಸ್ಕೆಚ್ ಹಾಕಿದರೆ ಅದೇ ಪ್ರೋಗ್ರಾಮರಾಗುತ್ತದೆ. ಒಂದೇ ಬೋರ್ಡಿನಿಂದ ಇಡೀ ತರಗತಿಗೆ ಬೇಕಾದಷ್ಟು ಪ್ರೋಗ್ರಾಮರುಗಳು ಹುಟ್ಟುತ್ತವೆ.

ಸಿದ್ಧ ಪ್ರೋಗ್ರಾಮರೇ ಅಗ್ಗವಾಗಿ ಸಿಗುವಾಗ ಈ ಶ್ರಮವೇಕೆ ಎಂಬ ಆಕ್ಷೇಪ ಸಹಜ. ಉತ್ಪಾದನಾ ಘಟಕಕ್ಕಾದರೆ ಕೊಂಡ ಉಪಕರಣವೇ ಸರಿ. ಕಲಿಯುವವರಿಗೆ ಮಾತ್ರ ಕಟ್ಟುವ ಕೆಲಸವೇ ಪಾಠ. ಬೂಟ್‌ಲೋಡರ್ ಇರುವಾಗ ಪ್ರೋಗ್ರಾಮರ್ ಬೇಡ ಎನ್ನುವವರು, ಖಾಲಿ ಚಿಪ್ಪಿಗೆ ಬೂಟ್‌ಲೋಡರನ್ನು ಸೇರಿಸುವುದೂ ಪ್ರೋಗ್ರಾಮರಿನ ಕೆಲಸವೇ ಎಂಬುದನ್ನು ಗಮನಿಸಬೇಕು. ಕಲಿಯುವವರ ಕೈಯಲ್ಲಿ ಚಿಪ್ ಕೆಡುತ್ತದೆ ಎಂಬ ಭಯ ಪೂರ್ತಿ ಸುಳ್ಳಲ್ಲ. ಚಿಪ್ಪಿನ ಮೂಲ ಹೊಂದಾಣಿಕೆಗಳನ್ನು ನಿರ್ಧರಿಸುವ ಫ್ಯೂಸ್ ಬಿಟ್ ತಪ್ಪಾಗಿ ಹೊರಗಿನ ಕ್ಲಾಕ್ ಆಯ್ಕೆಯಾದರೆ ಚಿಪ್ ಸತ್ತಂತೆ ಕಾಣುತ್ತದೆ. ಎಕ್ಸ್‌ಟಾಲ್1 ಪಿನ್ನಿಗೆ ಕ್ಲಾಕ್ ಕೊಟ್ಟರೆ ಮತ್ತೆ ಮಾತಾಡುತ್ತದೆ. ರೀಸೆಟ್ ಪಿನ್ನನ್ನೇ ನಿಷ್ಕ್ರಿಯಗೊಳಿಸಿದರೆ 12 ವೋಲ್ಟ್ ಬಳಸುವ ಬೇರೆ ವಿಧಾನ ಬೇಕು. ಹಾಗಾಗಿ ಆ ಫ್ಯೂಸನ್ನು ಮುಟ್ಟಬಾರದೆಂದು ಮೊದಲೇ ಹೇಳಬೇಕು. ಉದ್ಯಮ ಆರ್ಮ್ ಕಡೆಗೆ ಹೊರಳಿದೆ ಎಂಬ ಮಾತೂ ನಿಜ. ಅಲ್ಲಿ ಎಸ್‌ಡಬ್ಲ್ಯುಡಿ ಎಂಬ ಎರಡು ತಂತಿಯ ಸಂಪರ್ಕವಿದೆ. ವಿವರಗಳು ಬೇರೆಯಾದರೂ ಗುರುತು ಓದು, ಅಳಿಸು, ಬರೆ, ತಾಳೆ ನೋಡು ಎಂಬ ಕ್ರಮ ಬದಲಾಗುವುದಿಲ್ಲ. ಒಂದನ್ನು ಬಲ್ಲವರಿಗೆ ಇನ್ನೊಂದು ಅಪರಿಚಿತವಾಗದು.

ಆದ್ದರಿಂದ ಮುಂದಿನ ಗೋಷ್ಠಿಗಳು ಮೂರು ವಿಷಯಗಳಲ್ಲಿ ನಿರ್ಧಾರಕ್ಕೆ ಬರಲಿ ಎಂಬುದು ನನ್ನ ಆಶಯ. ಪಠ್ಯಕ್ರಮದ ಮೊದಲ ವಾರಗಳಲ್ಲಿ ಈ ಪ್ರಯೋಗಕ್ಕೆ ಎಲ್ಲಿ ಜಾಗ ಮಾಡಬೇಕು? ದೋಷ ಹುಡುಕಿ ಸರಿಪಡಿಸಿದ ಜಾಣ್ಮೆಗೂ ಅಂಕ ಕೊಡುವ ಮೌಲ್ಯಮಾಪನ ಹೇಗಿರಬೇಕು? ಡಿಪ್ಲೊಮಾ ವಿದ್ಯಾರ್ಥಿ ಓದಿ ಕಟ್ಟಬಲ್ಲಂಥ ಕನ್ನಡದ ಕೈಪಿಡಿಯನ್ನು ಯಾರು ಬರೆಯಬೇಕು? ಈ ಮೂರಕ್ಕೂ ಉತ್ತರ ಕೊಡಬಲ್ಲವರು ಈ ಸಭಾಂಗಣದಲ್ಲೇ ಇದ್ದೀರಿ. ಕೈಪಿಡಿಯ ಮೊದಲ ಕರಡು ಇಲ್ಲಿಯೇ ಶುರುವಾಗಲಿ.