ಅನಿವಾರಿತಾಚಾರಿಯ ಬಿರುದು

ಬಾದಾಮಿಯ ಸಮೀಪದ ಪಟ್ಟದಕಲ್ಲಿನಲ್ಲಿ ಕ್ರಿ. ಶ. 740ರ ಸುಮಾರಿಗೆ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಸೂತ್ರಧಾರಿಯು ಗುಂಡ ಅನಿವಾರಿತಾಚಾರಿ. ಆತನಿಗೆ ತ್ರಿಭುವನಾಚಾರಿಯೆಂಬ ಬಿರುದು ದೊರೆತುದು ಶಾಸನದಿಂದ ವಿದಿತವಾಗುತ್ತದೆ. ಕಟ್ಟಿದ ಮೇಲೆ ಬಂದ ಬಿರುದದು.

ಈಗಿನ ಕ್ರಮವೇ ಬೇರೆ. 1972ರ ಕಾಯಿದೆಯಂತೆ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿಯಾಗದವನು ಆರ್ಕಿಟೆಕ್ಟನೆಂದು ಹೇಳಿಕೊಳ್ಳುವಂತಿಲ್ಲ. ಆ ನೋಂದಣಿಗೆ ಐದು ವರ್ಷದ ಬಿ.ಆರ್ಕ್. ಪದವಿಯೇ ಹೆದ್ದಾರಿ. ಇಂಜಿನಿಯರಿಂಗ್ ಮುಗಿಸಿದ ಮಗನು ಎರಡು ವರ್ಷದ ಎಂ.ಆರ್ಕ್. ಓದಿದರೆ ಸಾಕೆಂದು ನಂಬಿ ಬಾಗಲಕೋಟೆ, ಇಳಕಲ್ಲುಗಳ ತಂದೆತಾಯಿಗಳು ಹೊಲ ಮಾರಲು ಹೊರಡುವ ಮುನ್ನ ಇದನ್ನರಿಯಬೇಕು: ಸ್ನಾತಕೋತ್ತರ ವ್ಯಾಸಂಗವು ಬಿ.ಆರ್ಕ್. ಆದವನ ವಿದ್ಯೆಯನ್ನು ಬೆಳೆಸುವುದೇ ಹೊರತು ಅದರ ಸ್ಥಾನವನ್ನು ತುಂಬಲಾರದು.

ಹಾಗೆ ಕ್ರಮವಾಗಿ ಓದುವ ಮಕ್ಕಳು ರಜೆಯಲ್ಲಿ ಹುನಗುಂದ ತಾಲೂಕಿನ ಐಹೊಳೆಗೆ ಹೋಗಲಿ. ಲಾಡಖಾನ ಗುಡಿಯ ಮಾಳಿಗೆಯಲ್ಲಿ ಚಪ್ಪಡಿಗಳ ಸಂದುಗಳನ್ನು ಮರದ ತೊಲೆಯಂಥ ಕಲ್ಲುಗಳಿಂದ ಮುಚ್ಚಿರುವ ಬಗೆಯನ್ನು ನಿಂತು ನೋಡಲಿ.